ಹುಬ್ಬಳ್ಳಿ–ಮಂಗಳೂರು: ನಕ್ಷೆಯಲ್ಲಿ 265 ಕಿ.ಮೀ., ಪ್ರಯಾಣಕ್ಕೆ ಅರ್ಧ ದಿನ

ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ಮಂಗಳೂರಿನದಕ್ಕೆ ನೇರ ಗೆರೆ ಎಳೆದರೆ ಸುಮಾರು 265 ಕಿ.ಮೀ. ಎಟಿಆರ್ ವಿಮಾನಕ್ಕೆ ಹೆಚ್ಚುಕಮ್ಮಿ ಒಂದು ಗಂಟೆಯ ಕೆಲಸ. ಬೆಂಗಳೂರಿಗೆ ಹೋಗಿ ವಿಮಾನ ಬದಲಿಸಿದರೆ ಮೊದಲು 370, ಆಮೇಲೆ 305, ಒಟ್ಟು 675 ಕಿ.ಮೀ. ಅಂದರೆ ನೇರ ದೂರದ ಎರಡೂವರೆ ಪಟ್ಟು.

ಆದರೆ ಪ್ರಯಾಣಿಕರು ಲೆಕ್ಕ ಹಾಕುವುದು ಕಿಲೋಮೀಟರ್ ಅಲ್ಲ, ಮನೆ ಬಿಟ್ಟ ಹೊತ್ತಿನಿಂದ ಊರು ಮುಟ್ಟುವ ಹೊತ್ತನ್ನು. ನಿಲ್ದಾಣಕ್ಕೆ ಹೋಗಲು ಅರ್ಧ ಗಂಟೆ, ಅಲ್ಲಿ ಒಂದೂವರೆ ಗಂಟೆ ಮುಂಚೆ ಹಾಜರಿ, ಇಳಿದ ಮೇಲೆ ಬ್ಯಾಗು, ಟ್ಯಾಕ್ಸಿ. ನೇರ ವಿಮಾನವಿದ್ದರೂ ನಾಲ್ಕು ಗಂಟೆ ಬೇಕು. ಬೆಂಗಳೂರು ಮೇಲೆ ಹೋದರೆ, ಮುಂದಿನ ವಿಮಾನಕ್ಕೆ ಎರಡು–ಮೂರು ಗಂಟೆ ಕಾದು, ಏಳೆಂಟು ಗಂಟೆಯಾಗುತ್ತದೆ. ಯಲ್ಲಾಪುರ, ಅಂಕೋಲಾ ದಾಟಿ ಕಾರಿನಲ್ಲಿ ಹೋದರೂ ಅಷ್ಟೇ ಹೊತ್ತು! ಹಾಗಿದ್ದ ಮೇಲೆ ಟಿಕೆಟ್ಟಿಗೆ ಕೊಟ್ಟ ದುಡ್ಡು ಯಾತಕ್ಕೆ?

ರಸ್ತೆಯೂ ನಂಬುವ ಹಾಗಿಲ್ಲ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆಯಿತು. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗವೋ, ಕಾಡು ಮತ್ತು ವನ್ಯಜೀವಿಗಳ ಪ್ರಶ್ನೆಯಲ್ಲಿ ದಶಕಗಳಿಂದ ನೆನೆಗುದಿಗೆ ಬಿದ್ದಿದೆ. ಚಿಕಿತ್ಸೆಗೆಂದು ಕರಾವಳಿಯ ಆಸ್ಪತ್ರೆಗೆ ಹೋಗುವವರಿಗೂ, ಉತ್ತರ ಕನ್ನಡದಾಚೆ ವ್ಯಾಪಾರ ಇಟ್ಟುಕೊಂಡವರಿಗೂ ಇದು ಮಳೆಗಾಲದ ಖಾಯಂ ತಲೆನೋವು.

ಹಾಗಾದರೆ ನೇರ ವಿಮಾನ ಹಾಕಿದರೆ ಮುಗಿಯಿತಲ್ಲ ಅನ್ನಬಹುದು. ಕಂಪನಿಯ ಲೆಕ್ಕ ಬೇರೆ. ಹಾರಾಟ ಚಿಕ್ಕದಾದರೂ ಮೇಲೇರುವಾಗ ಸುಡುವ ಇಂಧನ, ಇಳಿಯುವ ಶುಲ್ಕ, ನೆಲದ ಮೇಲೆ ನಿಲ್ಲುವ ಹೊತ್ತು ಅದೇ ಪ್ರಮಾಣದಲ್ಲಿ ಕಡಿಮೆಯಾಗುವುದಿಲ್ಲ. ಬೆಂಗಳೂರಿಗೆ ಹಾರಿಸಿದರೆ ಹತ್ತಾರು ಊರಿಗೆ ಹೋಗುವವರು ಅದೇ ವಿಮಾನ ತುಂಬುತ್ತಾರೆ. ಹುಬ್ಬಳ್ಳಿ–ಮಂಗಳೂರು ವಿಮಾನ ತುಂಬಬೇಕಾದವರು ಆ ಎರಡು ಊರಿನವರೇ.

ಈ ಕೊರತೆ ತುಂಬಲೆಂದೇ ಉಡಾನ್ ಯೋಜನೆ ಬಂದಿದ್ದು. ಮೊದಲ ವಿಮಾನ ಹಾರಿದ್ದು 2017ರ ಏಪ್ರಿಲ್‌ನಲ್ಲಿ, ಶಿಮ್ಲಾ–ದೆಹಲಿ ನಡುವೆ. ಮೂರು ವರ್ಷ ಸಬ್ಸಿಡಿ, ಆಮೇಲೆ ಮಾರ್ಗ ತನ್ನ ಕಾಲ ಮೇಲೆ ನಿಲ್ಲಬೇಕು ಎಂಬುದು ಲೆಕ್ಕಾಚಾರ. ಆದದ್ದೇನು? 2023ರ ಸಿಎಜಿ ವರದಿ ಪರಿಶೀಲಿಸಿದ 774 ಮಾರ್ಗಗಳಲ್ಲಿ 403 ಶುರುವಾಗಲೇ ಇಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಸಬ್ಸಿಡಿ ಮುಗಿದ ಮೇಲೂ, 2023ರ ಮಾರ್ಚ್ ಹೊತ್ತಿಗೆ, ಉಳಿದಿದ್ದು 54 ಮಾತ್ರ.

ಆದರೂ ನಮ್ಮ ರಾಜಕಾರಣಿಗಳು ಹೇಳಿಕೊಳ್ಳುವುದು ವಿಮಾನ ನಿಲ್ದಾಣಗಳ ಸಂಖ್ಯೆಯನ್ನು. ರನ್‌ವೇ ಉದ್ಘಾಟನೆಗೆ ಫೋಟೊ ಸಿಗುತ್ತದೆ, ವೇಳಾಪಟ್ಟಿಗೆ ಸಿಗುವುದಿಲ್ಲ. ಬೆಳಿಗ್ಗೆ ಹೋಗಿ ಕೆಲಸ ಮುಗಿಸಿ ರಾತ್ರಿ ಮನೆಗೆ ಬರಲಾಗದಿದ್ದರೆ, ವಾರಕ್ಕೆರಡು ದಿನ ಹಾರುವ ವಿಮಾನ ಯಾರ ಉಪಯೋಗಕ್ಕೆ?

ಸಬ್ಸಿಡಿ ಕೊಡುವುದಾದರೆ ಸರ್ಕಾರ ಎರಡು ಷರತ್ತು ಹಾಕಲಿ: ದಿನಾ ಹಾರಾಟ, ಅದೇ ದಿನ ವಾಪಸಾಗುವ ಸಮಯ. ಅದಕ್ಕೂ ಒಪ್ಪುವ ಕಂಪನಿ ಸಿಗದಿದ್ದರೆ, 265 ಕಿ.ಮೀ.ಗೆ ವಿಮಾನ ಸರಿಯಾದ ಉತ್ತರವಲ್ಲ ಎಂದು ಒಪ್ಪಿಕೊಂಡು, ಆ ದುಡ್ಡನ್ನು ಘಾಟಿ ರಸ್ತೆಯ ಗುಡ್ಡ ಭದ್ರಪಡಿಸಲು ಹಾಕಲಿ. ಎರಡೂ ಮಾಡದೆ ಹೊಸ ನಿಲ್ದಾಣಕ್ಕೆ ಅಡಿಗಲ್ಲು ಹಾಕುತ್ತಾ ಹೋದರೆ, ಜನ ಹುಬ್ಬಳ್ಳಿಯಿಂದ ಮಂಗಳೂರಿಗೆ ಬೆಂಗಳೂರು ಸುತ್ತಿಕೊಂಡೇ ಹೋಗುತ್ತಾರೆ.