ಖಾಡಿಯ ತಳವನ್ನು ನೋಡುವವರು ಯಾರು?

ಕುಮಟಾ ಬಳಿಯ ಅಘನಾಶಿನಿ ದಂಡೆಯಲ್ಲಿ ಬಳಚು ಹೆಕ್ಕುತ್ತ ಬೆಳೆದವಳು ನಾನು. ನವಿ ಮುಂಬಯಿಯ ಐರೋಲಿಗೆ ಬಂದು ಇಪ್ಪತ್ತೆಂಟು ವರ್ಷವಾದರೂ ಭಾನುವಾರ ಬೇಲಾಪುರದ ದಿವಾಳೆ ಕೋಳಿವಾಡ ಎಂಬ ಕೋಳಿ ಮೀನುಗಾರರ ಕೇರಿಗೆ ಹೋಗುವುದು ತಪ್ಪಿಲ್ಲ. ನಮ್ಮ ಬಳಚಿಗೆ ಇಲ್ಲಿ ತಿಸ್ರ್ಯಾ ಎನ್ನುತ್ತಾರೆ. ಕಳೆದ ತಿಂಗಳು ಮೀನುಗಾರ್ತಿಯೊಬ್ಬರು ಠಾಣೆ ಖಾಡಿ ಎಂಬ ಕಡಲ ಕವಲಿನ ನೀರಿನಿಂದ ಹಗ್ಗವೊಂದನ್ನು ಎಳೆದು ತೋರಿಸಿದರು. ಉಗುರಿನಷ್ಟು ಕಪ್ಪು ಚಿಪ್ಪುಗಳು ಗೊಂಚಲು ಗೊಂಚಲಾಗಿ ಮುತ್ತಿದ್ದವು. ‘ತಿನ್ನೋಕೂ ಆಗಲ್ಲ, ಮಾರೋಕೂ ಆಗಲ್ಲ’ ಎಂದರು.

ನನಗೆ ನೆನಪಾದದ್ದು ಮಿಟಿಲಾಪ್ಸಿಸ್ ಸಾಲೆ. ಕೆರಿಬಿಯನ್ ಕಡೆಯ ಈ ಚಿಪ್ಪಿ 1967ರಲ್ಲಿ ವಿಶಾಖಪಟ್ಟಣದಲ್ಲಿ ಕಂಡಿತು, 1970ರ ದಶಕದಲ್ಲಿ ಮುಂಬಯಿ ಬಂದರಿನಲ್ಲೂ ದಾಖಲಾಯಿತು. ಹಡಗಿನ ಒಡಲಿಗೆ ಅಂಟಿಕೊಂಡೋ, ತೂಕ ಸರಿದೂಗಿಸಲು ಹಡಗು ತುಂಬಿಕೊಳ್ಳುವ ನೀರಿನಲ್ಲಿ ಮರಿಯಾಗಿ ತೇಲಿಯೋ ಇಂಥವು ಕಡಲು ದಾಟುತ್ತವೆ.

ನಮ್ಮ ಬಳಚು ಕೆಸರಿನಲ್ಲಿ ಹೂತು ಬಾಳುತ್ತದೆ. ಅದರ ಅಲುಗಾಟಕ್ಕೆ ಕೆಸರು ಸಡಿಲಗೊಂಡು ಉಸಿರಾಡುತ್ತದೆ. ಬಂಡೆಗೆ ಕಚ್ಚಿದ ಕಾಲ್ವ ಚಿಪ್ಪಿ ಏಡಿಗೂ ಮರಿಮೀನಿಗೂ ಸಂದು ಕೊಡುತ್ತದೆ. ಹೊರಗಿನಿಂದ ಬಂದ ಚಿಪ್ಪಿಯೋ ನೂಲು ಬಿಟ್ಟು ಒಂದಕ್ಕೊಂದು ಹೆಣೆದುಕೊಂಡು ಚಾಪೆಯಾಗುತ್ತದೆ. ಅಡಿಯಲ್ಲಿ ಸಿಕ್ಕವಕ್ಕೆ ಉಸಿರೂ ಇಲ್ಲ, ಊಟವೂ ಇಲ್ಲ. ಕೇರಳದ ಅಷ್ಟಮುಡಿಯ ಬಳಚು 2014ರಲ್ಲಿ ಭಾರತದಲ್ಲೇ ಮೊದಲು ಸುಸ್ಥಿರತೆಯ ಎಂಎಸ್‌ಸಿ ಪ್ರಮಾಣಪತ್ರ ಪಡೆದ ಮೀನುಗಾರಿಕೆ. 2019ರ ಹೊತ್ತಿಗೆ ಅಲ್ಲಿ ದಕ್ಷಿಣ ಅಮೆರಿಕದ ಚಾರು ಎಂಬ ಇನ್ನೊಂದು ಚಿಪ್ಪಿ ಹಬ್ಬಿತ್ತು. ಚೆನ್ನೈ ಬಳಿಯ ಎಣ್ಣೂರಿನ ಮೀನುಗಾರರು ಅದೇ ಚಿಪ್ಪಿಯನ್ನು ‘ಕಾಕಾ ಆಳಿ’ ಎಂದು ಕರೆದು, ಸಿಗಡಿಯ ನೆಲೆ ಹೋಯಿತೆಂದು ಗೋಳಿಡುತ್ತಿದ್ದಾರೆ.

ಠಾಣೆ ಖಾಡಿಗೆ ಕೊಳಚೆಯೇ ದೊಡ್ಡ ಶತ್ರು ಎನ್ನುವವರಿದ್ದಾರೆ. ಒಪ್ಪುತ್ತೇನೆ. ಆದರೆ ಕೊಳೆಗೆ ನಮ್ಮ ಜೀವಿ ಸತ್ತು ತೆರವಾದ ಜಾಗದಲ್ಲೇ ತಾಳಿಕೆಯ ಪರದೇಶಿ ಬೇರೂರುವುದು. ಎರಡೂ ಒಂದೇ ರೋಗ.

ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿ 1999ರಲ್ಲಿ ಇದೇ ಮಿಟಿಲಾಪ್ಸಿಸ್ ಕಾಣಿಸಿತು. ಆರು ತಿಂಗಳ ಹಿಂದಿನ ತಪಾಸಣೆಯಲ್ಲಿ ಅದು ಇರಲಿಲ್ಲ. ದೋಣಿ ತಂಗುದಾಣಗಳ ಬಾಗಿಲು ಮುಚ್ಚಿ, ಕ್ಲೋರಿನ್ ಮತ್ತು ತಾಮ್ರದ ಸಲ್ಫೇಟ್ ಸುರಿದು, ಕೆಲವೇ ವಾರಗಳಲ್ಲಿ ಅಳಿಸಿದರು. ನಮ್ಮ ಖಾಡಿಗೆ ಬಾಗಿಲಿಲ್ಲ, ವಿಷ ಸುರಿಯುವಂತಿಲ್ಲ. ನಮಗಿರುವುದು ಬೇಗ ಕಾಣುವ ದಾರಿಯೊಂದೇ.

ಖಾಡಿಯ 1690 ಹೆಕ್ಟೇರ್ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ಖಾಡಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿ ಸೇರಿತು. ಮೇಲಿನ ಹಕ್ಕಿಯ ಮೇಲೆ ಇಟ್ಟ ಕಣ್ಣನ್ನು ತಳದ ಮೇಲೂ ಇಡಬೇಕು. ಕಳವಾದಿಂದ ಬೇಲಾಪುರದವರೆಗೆ ಪ್ರತಿ ಜೆಟ್ಟಿಯಲ್ಲೂ ಚಿಪ್ಪಿ ಅಂಟಲು ಹಲಗೆ ಇಳಿಬಿಟ್ಟು, ತಿಂಗಳಿಗೊಮ್ಮೆ ಎತ್ತಿ ನೋಡಲಿ. ಆ ಕೆಲಸವನ್ನು ಕೋಳಿ ಹೆಣ್ಣುಮಕ್ಕಳಿಗೇ ಸಂಬಳ ಕೊಟ್ಟು ಒಪ್ಪಿಸಲಿ. 2024ರಲ್ಲಿ ರಾಮ್ಸರ್ ಪಟ್ಟಿ ಸೇರಿದ ನನ್ನ ಅಘನಾಶಿನಿಯಲ್ಲೂ ಈಗಲೇ ಶುರುವಾಗಲಿ.

ದಿವಾಳೆಯ ಆ ಮೀನುಗಾರ್ತಿ ಹಗ್ಗವನ್ನು ಮತ್ತೆ ನೀರಿಗೆ ಬಿಡಲಿಲ್ಲ, ದಡದ ಮೇಲೆ ಬಿಸಿಲಿಗೆ ಹರವಿದರು. ಒಬ್ಬರ ಕೈಲಾಗುವುದನ್ನು ಅವರು ಮಾಡಿದರು. ಉಳಿದದ್ದು ಬಂದರಿನವರದು, ಸರ್ಕಾರದ್ದು, ನಮ್ಮದು.