ಕೂಟವೆಂದರೆ ಕೂರುವುದಷ್ಟೇ ಅಲ್ಲ



ಸಂಕ್ರಾಂತಿಗೆ ಎಳ್ಳು ಬೆಲ್ಲ ಹಂಚುತ್ತೇವೆ, ಯುಗಾದಿಗೆ ಹೋಳಿಗೆ ಬಡಿಸುತ್ತೇವೆ, ರಾಜ್ಯೋತ್ಸವಕ್ಕೆ ಬಿಸಿಬೇಳೆಬಾತಿನ ಸಾಲಿನಲ್ಲಿ ನಿಲ್ಲುತ್ತೇವೆ. ಆ ಸಾಲಿನಲ್ಲಿ ನಿಲ್ಲುವ ಹತ್ತು ನಿಮಿಷವೇ ನಮ್ಮಲ್ಲಿ ಹಲವರ ಪಾಲಿಗೆ ಅಂದಿನ ದಿನದ ದೊಡ್ಡ ಶಾರೀರಿಕ ಶ್ರಮವೆಂದರೆ ನೀವು ನಗಬಹುದು. ನಾವೂ ನಕ್ಕೆವು; ಅನಂತರ ಲೆಕ್ಕ ಹಾಕಿ ಸುಮ್ಮನಾದೆವು. ನೇಪರ್‌ವಿಲ್ಲಿನಿಂದಲೋ ಶಾಂಬರ್ಗಿನಿಂದಲೋ, ಟ್ರಾಯ್‌ನಿಂದಲೋ ಕ್ಯಾಂಟನ್ನಿನಿಂದಲೋ ಕಾರಿನಲ್ಲಿ ಕೂತು ಬರುತ್ತೇವೆ. ಸಭಾಂಗಣದಲ್ಲಿ ನಾಲ್ಕು ಗಂಟೆ ಕೂರುತ್ತೇವೆ. ಮತ್ತೆ ಕಾರಿನಲ್ಲಿ ಕೂತು ಮನೆ ಸೇರುತ್ತೇವೆ. ಸೋಮವಾರ ಬೆಳಗಾದರೆ ಕಂಪ್ಯೂಟರಿನ ಮುಂದೆ ಕೂರುವ ಕಾಯಕ ಇದ್ದೇ ಇದೆ.

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂದು ನಮ್ಮ ಹಿರಿಯರು ಹೇಳಿದ್ದು ಹಣದ ವಿಷಯದಲ್ಲಿ. ಈ ನಾಡಿಗೆ ಬಂದ ನಾವು ಕೂತೇ ಹೊನ್ನು ಗಳಿಸುವ ವಿದ್ಯೆ ಕಲಿತೆವು. ಆದರೆ ಬರಿದಾಗುತ್ತಿರುವ ಕುಡಿಕೆ ಬೇರೊಂದಿದೆ. ಅದು ನಮ್ಮ ಎದೆಯೊಳಗಿದೆ.

ಇದು ಬೆದರಿಕೆಯ ಮಾತಲ್ಲ. 2010ರಲ್ಲಿ ಮಸಾಲಾ ಎಂಬ ಹೆಸರಿನ ದೀರ್ಘಾವಧಿಯ ಅಧ್ಯಯನವೊಂದು ಆರಂಭವಾಯಿತು. ಅಮೆರಿಕದಲ್ಲಿ ನೆಲೆಸಿದ ದಕ್ಷಿಣ ಏಷ್ಯಾದ 906 ಜನರನ್ನು ಆಯ್ದು ಅವರ ಹೃದಯ, ರಕ್ತನಾಳ ಮತ್ತು ಸಕ್ಕರೆಯ ಸ್ಥಿತಿಯನ್ನು ವರ್ಷಗಟ್ಟಲೆ ಗಮನಿಸುತ್ತಿರುವ ಈ ಅಧ್ಯಯನದ ಮೊದಲ ಎರಡು ಕೇಂದ್ರಗಳಲ್ಲಿ ಒಂದು ನಮ್ಮ ಶಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ. ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿದೆ. ಈ ದೇಶದ ಇತರ ಜನವರ್ಗಗಳಿಗಿಂತ ನಮ್ಮವರಲ್ಲಿ ಮಧುಮೇಹ ಹೆಚ್ಚೆಂಬುದನ್ನು ಅದು ತೋರಿಸಿಕೊಟ್ಟಿತು. 2018ರ ಅಮೆರಿಕದ ಕೊಲೆಸ್ಟ್ರಾಲ್ ಮಾರ್ಗಸೂಚಿಯು ದಕ್ಷಿಣ ಏಷ್ಯಾದ ವಂಶಮೂಲವನ್ನೇ ಹೃದ್ರೋಗದ ಅಪಾಯವನ್ನು ಹೆಚ್ಚಿಸುವ ಅಂಶಗಳ ಸಾಲಿಗೆ ಸೇರಿಸಿತು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ 25 ತಲುಪಿದಾಗ ಇತರರಿಗೆ ಸಕ್ಕರೆ ಪರೀಕ್ಷೆಯ ಸಲಹೆ ಕೊಡುವ ಮಧುಮೇಹ ಸಂಘವು ಏಷ್ಯಾ ಮೂಲದವರಿಗೆ 23ಕ್ಕೇ ಆ ಸಲಹೆ ಕೊಡುತ್ತದೆ. ನೋಡಲು ತೆಳ್ಳಗಿದ್ದೇವೆಂಬ ನಮ್ಮ ಸಮಾಧಾನಕ್ಕೆ ವೈದ್ಯಶಾಸ್ತ್ರದ ಬೆಂಬಲವಿಲ್ಲ.

ವಂಶಮೂಲವನ್ನು ಬದಲಾಯಿಸಲು ನಮ್ಮಿಂದಾಗದು. ಕೂರುವುದನ್ನು ಕಡಿಮೆ ಮಾಡಲು ಆಗುತ್ತದೆ. 1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯನ್ನು ಕುರಿತ ಅಧ್ಯಯನವನ್ನು ಪ್ರಕಟಿಸಿದರು. ದಿನವಿಡೀ ಕೂತಿರುವ ಚಾಲಕರಿಗಿಂತ, ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದಯಾಘಾತ ಕಡಿಮೆಯಿತ್ತು. ಊರಿನ ಬಸ್ಸಿನ ನೂಕುನುಗ್ಗಲಿನಲ್ಲಿ ‘ರೈಟ್ ರೈಟ್’ ಎನ್ನುತ್ತ ಹಿಂದಕ್ಕೂ ಮುಂದಕ್ಕೂ ನುಸುಳುತ್ತಿದ್ದ ಕಂಡಕ್ಟರನ್ನು ನೆನೆಯಿರಿ. ನಾವೆಲ್ಲ ಈಗ ಚಾಲಕರಾಗಿದ್ದೇವೆ.

ಇಲ್ಲಿಗೆ ಬಂದಾಗ ನಮ್ಮಲ್ಲಿ ಅನೇಕರು ಹೇಳುವ ಮಾತು ಒಂದೇ: “ನಮ್ಮ ಮನೆಯಲ್ಲಿ ಎಲ್ಲ ಇದೆ.” ಹೌದು, ಇದೆ. ಬೇಸ್‌ಮೆಂಟಿನಲ್ಲಿ ಟ್ರೆಡ್‌ಮಿಲ್ ಇದೆ, ಅದರ ಮೇಲೆ ಒಣಗಲು ಹಾಕಿದ ಬಟ್ಟೆ ಇದೆ. ಫೋನಿನಲ್ಲಿ ಮೂರು ವ್ಯಾಯಾಮದ ಆ್ಯಪ್‌ಗಳಿವೆ, ತಿಂಗಳು ತಿಂಗಳೂ ಕಾರ್ಡಿನಿಂದ ಹಣ ಹೋಗುತ್ತಿದೆ. 2020ರ ಮಾರ್ಚಿನಲ್ಲಿ ಇಲಿನಾಯ್ ಮತ್ತು ಮಿಷಿಗನ್ ರಾಜ್ಯಗಳೆರಡೂ ಮನೆಯಲ್ಲೇ ಇರುವಂತೆ ಆದೇಶಿಸಿದಾಗ ನಾವು ಹುಮ್ಮಸ್ಸಿನಿಂದ ಚಾಪೆ ಕೊಂಡೆವು, ಡಂಬೆಲ್ ಕೊಂಡೆವು, ಯೂಟ್ಯೂಬಿನ ಮುಂದೆ ಕೈಕಾಲು ಆಡಿಸಿದೆವು. ಆ ಚಾಪೆಗಳು ಈಗ ಎಲ್ಲಿವೆ? ಈ ಪ್ರಶ್ನೆಯನ್ನು ನಾವು ಮೊದಲು ನಮಗೇ ಕೇಳಿಕೊಂಡಿದ್ದೇವೆ. ಉತ್ತರ ನಮಗೂ ಮುಜುಗರದ್ದೇ.

ಮನೆಯ ವ್ಯಾಯಾಮ ಸೋತದ್ದು ವ್ಯಾಯಾಮದ ದೋಷದಿಂದಲ್ಲ. ಧ್ವನಿಮುದ್ರಿತ ವೀಡಿಯೊಗೆ ನಾವು ಬಂದೆವೋ ಇಲ್ಲವೋ ಎಂಬುದು ತಿಳಿಯದು. ನಾವು ಬಾರದಿದ್ದರೆ ಅದು ನೊಂದುಕೊಳ್ಳದು, ಫೋನು ಮಾಡದು, ಮರುದಿನ ದೇವಸ್ಥಾನದಲ್ಲಿ ಎದುರಾಗಿ “ಏನು ರಾಯರೇ, ನಿನ್ನೆ ಕಾಣಲಿಲ್ಲ?” ಎಂದು ಕೇಳದು. ಕೇಳುವವರಿಲ್ಲದ ಕಡೆ ಆರಂಭಶೂರತ್ವವಷ್ಟೇ ಉಳಿಯುತ್ತದೆ.

ಇದಕ್ಕೆ ಎದುರಾಗಿ ಇನ್ನೊಂದು ಗುಂಪಿನವರು ಹೇಳುತ್ತಾರೆ: “ಪರದೆಯ ಮುಂದೆ ಮಾಡುವುದು ವ್ಯಾಯಾಮವೇ ಅಲ್ಲ, ಜಿಮ್ಮಿಗೆ ಹೋಗಬೇಕು, ಹೊರಗೆ ಓಡಬೇಕು.” ಹೋಗಬಲ್ಲವರು ಧಾರಾಳವಾಗಿ ಹೋಗಲಿ. ಆದರೆ ಡಿಸೆಂಬರಿನ ಆರಂಭದಲ್ಲಿ ಶಿಕಾಗೋದಲ್ಲಿ ಸಂಜೆ ನಾಲ್ಕು ಇಪ್ಪತ್ತಕ್ಕೇ ಸೂರ್ಯ ಮುಳುಗುತ್ತಾನೆ, ಡೆಟ್ರಾಯಿಟ್‌ನಲ್ಲಿ ಐದಕ್ಕೆ. ಕಾಲುದಾರಿಯ ಮೇಲೆ ಮಂಜುಗಡ್ಡೆ ಕಟ್ಟಿರುತ್ತದೆ. ಆರು ತಿಂಗಳಿಗೆಂದು ಬಂದಿರುವ ಅತ್ತೆಯವರನ್ನು ನೆನೆಯಿರಿ: ಮೈಸೂರಿನಲ್ಲಿ ದಿನವೂ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದವರು ಇಲ್ಲಿ ಕಿಟಕಿಯ ಬಳಿ ಕೂತು ಹಿಮ ನೋಡುತ್ತಾರೆ. ಚಿಕ್ಕ ಮಗುವನ್ನು ಬಿಟ್ಟು ಹೋಗಲಾರದ ತಾಯಿಯಿದ್ದಾರೆ. ಮನೆಗೊಂದೇ ಕಾರು ಇರುವವರಿದ್ದಾರೆ. ಜಿಮ್ಮಿನ ಕನ್ನಡಿಗಳ ನಡುವೆ ಅಪರಿಚಿತರ ಎದುರು ಮೈ ಬಗ್ಗಿಸಲು ಸಂಕೋಚಪಡುವವರಿದ್ದಾರೆ. ಇವರೆಲ್ಲರನ್ನು ಹೊರಗಿಟ್ಟು ಆಡುವ ಆರೋಗ್ಯದ ಉಪದೇಶ ಉಳ್ಳವರ ಉಪದೇಶ.

ದೂರದಿಂದ ವ್ಯಾಯಾಮ ಕಲಿಸುವುದು ಇಂದು ನಿನ್ನೆಯ ಹೊಸತೂ ಅಲ್ಲ, ಪರರದೂ ಅಲ್ಲ. ‘ಶಾಂತಲಾ’ ಮತ್ತು ‘ರೂಪದರ್ಶಿ’ ಕಾದಂಬರಿಗಳ ಕರ್ತೃ ಕೆ. ವಿ. ಅಯ್ಯರ್ ಅವರನ್ನು ನಾವು ಸಾಹಿತಿಯೆಂದು ಬಲ್ಲೆವು. ಅವರು ಬೆಂಗಳೂರಿನ ಹೆಸರಾಂತ ವ್ಯಾಯಾಮ ಗುರುಗಳೂ ಆಗಿದ್ದರು. ಸೂರ್ಯನಮಸ್ಕಾರವನ್ನು ಕುರಿತು ಪುಸ್ತಕ ಬರೆದರು. ತಮ್ಮ ವ್ಯಾಯಾಮಶಾಲೆಗೆ ಬರಲಾರದ ಶಿಷ್ಯರಿಗೆ ಅಂಚೆಯ ಮೂಲಕ ಪಾಠ ಕಳಿಸಿದರು. ಅಂಚೆಯ ಪಾಠದಿಂದ ಮೈ ಹುರಿಗೊಳ್ಳಬಹುದಾದರೆ, ಮುಖ ನೋಡಿ ಮಾತನಾಡಬಹುದಾದ ಪರದೆಯಿಂದ ಏಕೆ ಆಗದು? ಜಪಾನಿನಲ್ಲಿ 1928ರಿಂದ ರೇಡಿಯೊ ವ್ಯಾಯಾಮ ನಡೆದುಬಂದಿದೆ. ಅಲ್ಲಿ ಗಮನಿಸಬೇಕಾದದ್ದು ರೇಡಿಯೊವನ್ನಲ್ಲ. ನಿಗದಿತ ಹೊತ್ತಿಗೆ ನೆರೆಹೊರೆಯವರು ಉದ್ಯಾನದಲ್ಲಿ ಒಟ್ಟುಗೂಡಿ ಒಂದೇ ತಾಳಕ್ಕೆ ಕೈಯೆತ್ತುವುದನ್ನು ಗಮನಿಸಬೇಕು. ಯಂತ್ರವು ಹೊತ್ತನ್ನು ಕೊಟ್ಟಿತು. ನೆರೆಹೊರೆಯು ನಿಷ್ಠೆಯನ್ನು ಕೊಟ್ಟಿತು.

ನಮ್ಮ ವಾದಕ್ಕೆ ತೊಡಕಾಗುವ ಸಂಗತಿಯನ್ನು ಮರೆಮಾಚುವುದು ತರವಲ್ಲ. ಶಿಕಾಗೋದಲ್ಲೇ, ನಾರ್ತ್‌ವೆಸ್ಟರ್ನ್‌ನ ಡಾ. ನಮ್ರತಾ ಕಂಡೂಲ ಅವರ ನೇತೃತ್ವದಲ್ಲಿ, ‘ಸಹೇಲಿ’ ಎಂಬ ಪ್ರಯೋಗ ನಡೆಯಿತು. ಹೃದ್ರೋಗದ ಅಪಾಯವಿದ್ದ 549 ದಕ್ಷಿಣ ಏಷ್ಯನ್ನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಹಾರ ಮತ್ತು ವ್ಯಾಯಾಮದ ಸಾಮೂಹಿಕ ತರಗತಿ, ಇನ್ನೊಂದಕ್ಕೆ ಬರೀ ಮುದ್ರಿತ ಮಾಹಿತಿ ನೀಡಲಾಯಿತು. ಕೋವಿಡ್ ಬಂದ ಮೇಲೆ ತರಗತಿಗಳು ವೀಡಿಯೊ ಮೂಲಕ ನಡೆದವು. ಒಂದು ವರ್ಷದ ಬಳಿಕ ತೂಕ, ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲ್‌ಗಳಲ್ಲಿ ಎರಡು ಗುಂಪುಗಳ ನಡುವೆ ಗಣನೀಯ ಅಂತರ ಕಾಣಲಿಲ್ಲ. “ನೋಡಿದಿರಾ, ಪ್ರಯೋಜನವಿಲ್ಲ” ಎನ್ನುವವರು ಇದನ್ನೇ ಎತ್ತಿ ಹಿಡಿಯುತ್ತಾರೆ. ಆದರೆ ಅದೇ ಪ್ರಯೋಗದಲ್ಲಿ ತರಗತಿಗೆ ಬಂದವರ ಶಾರೀರಿಕ ಚಟುವಟಿಕೆಯೂ ಆತ್ಮವಿಶ್ವಾಸವೂ ತುಸು ಹೆಚ್ಚಿದವು. ನಾವು ಇದರಿಂದ ಕಲಿಯುವ ಪಾಠ ಇಷ್ಟು: ಕೆಲವು ತಿಂಗಳ ತರಗತಿ ಪವಾಡ ಮಾಡದು. ಮುಗಿಯುವ ದಿನಾಂಕವಿರುವ ಕಾರ್ಯಕ್ರಮ ಸಾಲದು. ಸಂಶೋಧಕರ ಅನುದಾನ ಒಂದು ದಿನ ಮುಗಿಯುತ್ತದೆ. ಕನ್ನಡ ಕೂಟ ಮುಗಿಯುವುದಿಲ್ಲ. ನಮ್ಮ ಬಲ ಇರುವುದು ಅಲ್ಲೇ.

ಆದ್ದರಿಂದ ನಾವು ಬೇಡುತ್ತಿರುವುದು ಸರಳವಾದದ್ದು. ವಾರಕ್ಕೆ ಐದು ದಿನ, ಅರ್ಧ ಗಂಟೆ, ಕನ್ನಡದಲ್ಲಿ, ನೇರ ಪ್ರಸಾರದ ಒಂದು ಮನೆವ್ಯಾಯಾಮ ತರಗತಿ. ಶಿಕಾಗೋದ ಬೆಳಗಿನ ಆರು ಗಂಟೆಯೆಂದರೆ ಡೆಟ್ರಾಯಿಟ್‌ನ ಏಳು. ಒಂದೇ ತರಗತಿ ಎರಡೂ ಊರಿಗೆ ಸಾಕು. 2002ರಲ್ಲಿ ಡೆಟ್ರಾಯಿಟ್, 2008ರಲ್ಲಿ ಶಿಕಾಗೋ ಅಕ್ಕ ವಿಶ್ವ ಕನ್ನಡ ಸಮ್ಮೇಳನಕ್ಕೆ ಆತಿಥ್ಯ ವಹಿಸಿದ್ದವು. ಜಗತ್ತಿನ ಕನ್ನಡಿಗರನ್ನು ಕರೆದು ಉಣಬಡಿಸಿದ ನಾಡಿನಲ್ಲಿ, ವಿದ್ಯಾರಣ್ಯ ಮತ್ತು ಪಂಪ ಕನ್ನಡ ಕೂಟಗಳೂ ಇತರ ಸಂಘಗಳೂ ಕೈಜೋಡಿಸಿದರೆ ಅರ್ಧ ಗಂಟೆಯ ತರಗತಿ ಭಾರವೇ?

ಇದಕ್ಕೆ ನಾಲ್ಕು ಕಟ್ಟಳೆಗಳಿರಲಿ. ತರಬೇತಿ ಪಡೆದವರೇ ಕಲಿಸಲಿ, ಉತ್ಸಾಹವೊಂದೇ ಅರ್ಹತೆಯಾಗದಿರಲಿ. ಹನ್ನೆರಡು ಜನರಿಗೊಂದು ಗುಂಪು, ಗುಂಪಿಗೊಬ್ಬ ಸ್ವಯಂಸೇವಕ. ಎರಡು ದಿನ ಬಾರದವರಿಗೆ ಆತನಿಂದಲೋ ಆಕೆಯಿಂದಲೋ ಒಂದು ಫೋನು. ಶುಲ್ಕ ಬೇಡ, ಪುಡಿ ಮಾತ್ರೆಗಳ ಮಾರಾಟವಂತೂ ಬೇಡವೇ ಬೇಡ. ತೂಕದ ಪಟ್ಟಿಯನ್ನು ಯಾರೂ ಯಾರಿಗೂ ತೋರಿಸಬೇಕಿಲ್ಲ, ಹಾಜರಿಯೊಂದೇ ಲೆಕ್ಕ.

ತರಗತಿಯಲ್ಲಿ ಏನಿರಬೇಕು? ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಬೇಕು. ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಅರ್ಧ ಗಂಟೆಯನ್ನು ಐದರಿಂದ ಗುಣಿಸಿ ನೋಡಿ: ನೂರೈವತ್ತು. ಮಾತನಾಡಲು ಸಾಧ್ಯ, ಹಾಡಲು ಅಸಾಧ್ಯ ಎನ್ನುವಷ್ಟು ಉಸಿರು ಏರಿದರೆ ಅದು ಮಧ್ಯಮ ಶ್ರಮ. ಬಹುಕಾಲ ಕೂತವರು ಮೊದಲ ವಾರವೇ ಅರ್ಧ ಗಂಟೆ ಮಾಡಬೇಕಿಲ್ಲ. ಕುರ್ಚಿಯಿಂದ ಕೈಯೂರದೆ ಏಳುವುದು ಕೂರುವುದು, ಗೋಡೆಗೆ ಕೈಯೊತ್ತಿ ಮಾಡುವ ದಂಡೆ, ನಿಂತಲ್ಲೇ ನಡಿಗೆ, ಮೆಟ್ಟಿಲ ಮೇಲೆ ಹತ್ತಿ ಇಳಿಯುವುದು, ಇವು ಹತ್ತು ನಿಮಿಷದಿಂದ ಆರಂಭವಾಗಲಿ. ಸತತವಾಗಿ ಹತ್ತು ನಿಮಿಷ ಮಾಡಿದರಷ್ಟೇ ಲೆಕ್ಕಕ್ಕೆ ಬರುತ್ತದೆಂಬ ಹಳೆಯ ನಿಯಮವನ್ನು ಅಮೆರಿಕ ಸರಕಾರದ ಮಾರ್ಗಸೂಚಿ 2018ರಲ್ಲೇ ಕೈಬಿಟ್ಟಿದೆ. ಈಗ ಎರಡು ನಿಮಿಷವೂ ಲೆಕ್ಕವೇ. ಹೃದ್ರೋಗವಿರುವವರು, ಸಕ್ಕರೆ ಅಥವಾ ರಕ್ತದೊತ್ತಡಕ್ಕೆ ಔಷಧ ಸೇವಿಸುವವರು ಮೊದಲು ತಮ್ಮ ವೈದ್ಯರನ್ನು ಕೇಳಲಿ. ಎದೆ ಬಿಗಿದರೆ, ತಲೆ ಸುತ್ತಿದರೆ ಒಡನೆ ನಿಲ್ಲಿಸಲಿ. ಎದೆನೋವು ಬಿಡದಿದ್ದರೆ ಸಂಕೋಚಪಡದೆ 911ಕ್ಕೆ ಕರೆ ಮಾಡಲಿ. ಎದೆಯುರಿಯಿರಬೇಕೆಂದು ಜೀರಿಗೆ ಕಷಾಯ ಕುಡಿದು ಕಾಯುವ ನಮ್ಮವರ ಅಭ್ಯಾಸ ಅತ್ಯಂತ ಅಪಾಯಕಾರಿ.

ಕೊನೆಯ ಆಕ್ಷೇಪಣೆಯೊಂದು ಉಳಿದಿದೆ: “ಕೂಟವಿರುವುದು ಭಾಷೆ ಸಂಸ್ಕೃತಿಗಳಿಗಾಗಿ, ವ್ಯಾಯಾಮ ನಮ್ಮ ಕೆಲಸವಲ್ಲ.” ಈ ಮಾತನ್ನೇ ನಾವು ಎಲ್ಲಕ್ಕಿಂತ ಬಲವಾಗಿ ವಿರೋಧಿಸುತ್ತೇವೆ. ನಮ್ಮ ಮಕ್ಕಳಿಗೆ ಕಣ್ಣು ಮೂಗು ಕಿವಿ ಗೊತ್ತು. ಹೆಗಲು, ಮೊಣಕೈ, ತೊಡೆ, ಮೀನಖಂಡ, ಹಿಮ್ಮಡಿ, ಹೆಬ್ಬೆರಳು ಗೊತ್ತೇ? “ಮಂಡಿ ಮಡಿಸಿ, ಸೊಂಟ ತಿರುಗಿಸಿ, ಉಸಿರು ಬಿಡಿ” ಎಂಬ ಮಾತು ದಿನವೂ ಮನೆಯ ನಡುಮನೆಯಲ್ಲಿ ಕೇಳಿಬಂದರೆ ಅದಕ್ಕಿಂತ ಒಳ್ಳೆಯ ಕನ್ನಡ ಪಾಠ ಯಾವುದು? ಇಂಗ್ಲಿಷಿನ ವೇಗಕ್ಕೆ ಹೊಂದಲಾರದ ಅಜ್ಜಿಯೂ, ಕನ್ನಡ ತಡವರಿಸುವ ಮೊಮ್ಮಗಳೂ ಒಂದೇ ಪರದೆಯ ಮುಂದೆ ಒಟ್ಟಿಗೆ ಕೈಯೆತ್ತುವ ಬೇರೊಂದು ಸಂದರ್ಭವನ್ನು ಯಾರಾದರೂ ತೋರಿಸಿಕೊಡಲಿ. ಭಾಷೆ ಉಳಿಯಬೇಕಾದರೆ ಅದನ್ನಾಡುವ ಜನ ಉಳಿಯಬೇಕು.

ನಮ್ಮಲ್ಲಿ ಯಾರಿಗಾದರೂ ನಲವತ್ತೈದಕ್ಕೇ ಎದೆನೋವು ಬಂದರೆ ನಾವು ಹೇಗೆ ಓಡುತ್ತೇವೆಂಬುದು ನಮಗೆಲ್ಲ ಗೊತ್ತು. ಊಟದ ಸರದಿಯ ಪಟ್ಟಿ ಒಂದೇ ಗಂಟೆಯಲ್ಲಿ ತುಂಬುತ್ತದೆ. ಮಕ್ಕಳನ್ನು ಶಾಲೆಯಿಂದ ಕರೆತರಲು ಮೂರು ಕಾರು ಹೊರಡುತ್ತವೆ. ಆ ಪ್ರೀತಿಯ ಬಗ್ಗೆ ನಮಗೆ ಹೆಮ್ಮೆಯಿದೆ. ಆದರೆ ಆಸ್ಪತ್ರೆಯ ಬಾಗಿಲಿನವರೆಗೂ ಕಾಯುವ ಪ್ರೀತಿ ತಡವಾದ ಪ್ರೀತಿ. ಅದರಲ್ಲಿ ದಿನಕ್ಕೆ ಅರ್ಧ ಗಂಟೆಯಷ್ಟನ್ನು ಮುಂಚಿತವಾಗಿಯೇ ಖರ್ಚು ಮಾಡೋಣ.

ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯವನ್ನು ‘ಇತರೆ’ ಎಂಬ ಕೊನೆಯ ಸಾಲಿಗೆ ತಳ್ಳದೆ, ಬಜೆಟ್ಟಿನ ಜೊತೆಯಲ್ಲೇ ಚರ್ಚಿಸಬೇಕೆಂದು ಕಾರ್ಯಕಾರಿ ಸಮಿತಿಯನ್ನು ಆಗ್ರಹಿಸುತ್ತೇವೆ. ಒಪ್ಪುವವರು ಕೈಯೆತ್ತಿ. ಕೂತಲ್ಲಿಂದಲ್ಲ; ದಯವಿಟ್ಟು ಎದ್ದು ನಿಂತು.