ಹದಿಮೂರನೆಯ ಶಾಸನ

ಪಶ್ಚಾತ್ತಾಪವೆಂಬ ಶಬ್ದವನ್ನು ಬಿಡಿಸಿದರೆ ಹಿಂದಿನಿಂದ ಬರುವ ಬೇಗೆಯೆಂದಾಗುತ್ತದೆ. ನನ್ನ ವಿಷಯದಲ್ಲಿ ಅದು ಲೇಖನಿಯನ್ನು ಹಿಡಿಯುವ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದಿತೆಂಬುದನ್ನು ವಾಚಕರಲ್ಲಿ ಮುಚ್ಚಿಡಲಾರೆನು.

೧೯೮೮ರ ಚೈತ್ರಮಾಸ. ಕಳಸದ ಸೀಮೆಯ ಕಾಫಿಯ ತೋಟಗಳ ನಡುವಣ ಒಂದು ಶಾಲೆಯಲ್ಲಿ ನಾನು ಹೊಸ ಉಪಾಧ್ಯಾಯನು. ಹೂಮಳೆ ಬಿದ್ದು ಗಿಡಗಳೆಲ್ಲ ಬೆಳ್ಳಗಾಗಿದ್ದವು. ಹಿರಿಯರು ರಜೆಯಲ್ಲಿದ್ದುದರಿಂದ ಮೊಹರು ನನ್ನ ಬಳಿಯಲ್ಲಿದ್ದಿತು. ಕೂಲಿಯವನೊಬ್ಬನು ಮೇಸ್ತ್ರಿಯೊಡನೆ ಬಂದು, ಸಾಮೂಹಿಕ ವಿವಾಹಕ್ಕೆ ಮಗಳ ವಯಸ್ಸಿನ ಪತ್ರ ಬೇಕೆಂದನು. ಹದಿನೆಂಟು ತುಂಬದ ಕನ್ಯೆಗೆ ವಿವಾಹ ಕೂಡದೆಂಬ ಕಾಯಿದೆ ೧೯೭೮ರಲ್ಲಿಯೇ ಆಗಿದ್ದಿತು. ನನ್ನ ದಾಖಲಾತಿ ಪುಸ್ತಕದಲ್ಲಿ ಹುಡುಗಿಗೆ ಹದಿನಾಲ್ಕು. ಕರಿಹಲಗೆಯ ಮೇಲೆ ನಾನು ಮಾಡಿದ ಲೆಕ್ಕದ ತಪ್ಪನ್ನು ಎದ್ದುನಿಂತು ತಿದ್ದುತ್ತಿದ್ದ ಮಗು ಅದು.

“ಬಡವರು ಸ್ವಾಮಿ, ಖರ್ಚಿಲ್ಲದೆ ಕಳೆಯುತ್ತದೆ, ಬರೆದುಕೊಡಿ.”

ಕೈ ತಡೆಯಿತು. ಮೇಸ್ತ್ರಿಯ ಮುಖವನ್ನು ನೋಡಿದೆನು. ಹದಿನೆಂಟೆಂದು ಬರೆದೆನು. ಅವನು ಮುನಿದರೆ ಲೈನಿನ ಮಕ್ಕಳು ಬಾರದೆ ಶಾಲೆಯೇ ಮುಚ್ಚೀತೆಂಬುದು ಅಂದು ನನಗೆ ನಾನೇ ಹೇಳಿಕೊಂಡ ನೆವ.

ಪಾಪಪರಿಹಾರದ ಉಪಾಯಗಳಲ್ಲಿ ಮನುವು ಅನುತಾಪಕ್ಕಿಂತಲೂ ಮೊದಲು ಪಾಪವನ್ನು ಹೇಳಿಕೊಳ್ಳುವುದನ್ನು ಇಟ್ಟಿದ್ದಾನೆ. ನಾನೂ ಹೇಳಿಕೊಂಡೆನು: ಸಹೋದ್ಯೋಗಿಗಳಲ್ಲಿ, ಮನೆಯವಳಲ್ಲಿ, ಕಲಶೇಶ್ವರನ ಸನ್ನಿಧಿಯಲ್ಲಿ. ಪ್ರತಿಯೊಂದು ಸಲವೂ ಎದೆ ಹಗುರಾಯಿತು. ಅಷ್ಟು ಸುಲಭವಾಗಿ ಹಗುರಾದುದೇ ಸಂದೇಹಾಸ್ಪದವೆಂದು ತೋಚಲಿಲ್ಲ.

ಅಶೋಕನ ೧೩ನೆಯ ಬಂಡೆಶಾಸನವನ್ನು ವರ್ಷವರ್ಷವೂ ಪಾಠ ಹೇಳಿದವನು ನಾನು. ಕಳಿಂಗದಲ್ಲಿ ಒಂದು ಲಕ್ಷ ಜನರು ಹತರಾದರು, ಒಂದೂವರೆ ಲಕ್ಷ ಜನರು ಸೆರೆಯಾಗಿ ಒಯ್ಯಲ್ಪಟ್ಟರು, ಅದಕ್ಕಾಗಿ ತಾನು ಮರುಗುತ್ತಿರುವೆನೆಂದು ಅರಸನು ಅಲ್ಲಿ ಒಪ್ಪಿಕೊಂಡಿದ್ದಾನೆ. ಗಿರಿನಾರದಲ್ಲಿ, ಕಾಲ್ಸಿಯಲ್ಲಿ, ಅತಿದೂರದ ಶಹಬಾಜ್‌ಗಢಿಯಲ್ಲಿ ಈ ಶಾಸನವುಂಟು. ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ಇಲ್ಲ! ಅಲ್ಲಿ ಅದರ ಬದಲಾಗಿ, ಮನುಷ್ಯರೆಲ್ಲರೂ ತನ್ನ ಮಕ್ಕಳೆಂಬ ಬೇರೆ ಶಾಸನಗಳನ್ನು ಕೊರೆಯಿಸಿದನು. ನಮ್ಮ ಭೀಮಾತೀರದ ಸನ್ನತಿಯ ಶಿಲೆಯಲ್ಲಿಯೂ ೧೨ನೆಯದರ ಬಳಿಕ ೧೪ನೆಯದೇ ಬರುತ್ತದೆ. ಗಾಯವನ್ನು ಕೆದಕಬಾರದೆಂಬ ರಾಜನೀತಿಯಿದ್ದೀತು. ಆದರೆ ನಿವೃತ್ತನಾದ ಮೇಲೆ ಒಂದು ಸಂಜೆ ಇದನ್ನೇ ಓದುತ್ತಿದ್ದಾಗ ಪುಸ್ತಕವು ಕೈಯಿಂದ ಜಾರಿತು. ಧೌಲಿಯನ್ನು ಬಿಟ್ಟು ಉಳಿದೆಡೆಯಲ್ಲೆಲ್ಲ ನಾನು ಕೆತ್ತಿಸಿದ್ದೆನಲ್ಲವೆ?

ಹೋದ ಮಾರ್ಗಶಿರದಲ್ಲಿ, ಆಕೆಯಿರುವ ಮೂಡಿಗೆರೆಯ ಕಡೆಯ ತೋಟಕ್ಕೆ ಹೋದೆನು. ಕೊಯ್ದ ಹಣ್ಣಿನ ಚೀಲದೊಡನೆ ತೂಕದ ಸಾಲಿನಲ್ಲಿ ನಿಂತಿದ್ದಳು. ತಲೆ ಅರ್ಧ ನರೆತಿದ್ದಿತು. ಪಕ್ಕಕ್ಕೆ ಕರೆದು ಎಲ್ಲವನ್ನೂ ಹೇಳಿದೆನು. ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಆ ಕಾಗದ ನಾನೂ ಓದಿದ್ದೆ, ಮೇಷ್ಟ್ರೇ. ತಪ್ಪು ಅಂತ ಆವತ್ತೇ ಗೊತ್ತಾಗಿತ್ತು. ನೀವೇ ಬರೆದದ್ದಲ್ವಾ ಅಂತ ಸುಮ್ಮನಾದೆ.”

ಅಷ್ಟರಲ್ಲಿ ಅವಳ ಸರದಿ ಬಂದಿತು. ರೈಟರು ಕೂಗಿದ ಅಂಕಿಯನ್ನು ಕೇಳಿ, ತಕ್ಕಡಿಯನ್ನು ನೋಡಿ, ಅಲ್ಲಿಯೇ ತಿದ್ದಿಸಿದಳು.